ಜ್ಯೂಸು ಕುಡಿದ ತಿಂಗಳು

ಹರಿಹರದ ಸೇತುವೆ ಹತ್ತಿರ ಬೈಕಿನ ಹಿಂದಿನ ಸೀಟಿನಿಂದ ಬಿದ್ದ ಭಾಗ್ಯಲಕ್ಷ್ಮಿಯ ದವಡೆ ಮುರಿಯಿತು. ದಾವಣಗೆರೆಯ ಪಿ.ಜೆ. ಬಡಾವಣೆಯ ಡಾಕ್ಟರು ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿ ಬಿಗಿದರು. ಒಂದು ತಿಂಗಳು ಬಾಯಿ ತೆರೆಯುವಂತಿಲ್ಲ, ನೀರಿನಂಥದ್ದು ಮಾತ್ರ ಕುಡಿಯಬೇಕು ಅಂದರು. ಬೈಕು ಓಡಿಸುತ್ತಿದ್ದ ಗಂಡ ಕರಿಬಸವರಾಜನಿಗೆ ಒಂದು ತರಚು ಗಾಯವೂ ಆಗಿರಲಿಲ್ಲ. ಆಸ್ಪತ್ರೆಯಿಂದ ಬರುವಾಗ ಅವನು ಹೆಂಡತಿಯ ಮುಖ ನೋಡಲಿಲ್ಲ.

ಮಿಕ್ಸಿಯಲ್ಲಿ ಜ್ಯೂಸು ಮಾಡಿ ಬಟ್ಟೆಯಲ್ಲಿ ಸೋಸಿದರೂ ಹಣ್ಣಿನ ಚೂರು ತಂತಿಗೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ನೋಡಿದ ಪಕ್ಕದ ಮನೆ ನುಜತ್ ತನ್ನ ಜ್ಯೂಸರ್ ತಂದಿಟ್ಟಳು.

"ಇದು ಸಿಪ್ಪೆ, ನಾರು ಬ್ಯಾರೆ ಮಾಡ್ತೈತಿ ಅಣ್ಣಾರೆ. ಕೆಲಸ ಆದ ತಕ್ಷಣ ಜಾಲರಿ ತೊಳದಿಡ್ರಿ."

ಕರಿಬಸವರಾಜ ಗುತ್ತೂರಿನ ಬಳಿಯ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಲೇತ್ ನಡೆಸುವವನು. ಇದೂ ಒಂದು ತಿರುಗುವ ಯಂತ್ರವಷ್ಟೇ ಎಂದುಕೊಂಡ. ಬೆಳಿಗ್ಗೆ ಕ್ಯಾರೆಟ್ ಹಾಕಿ, ಜ್ಯೂಸು ತೆಗೆದು, ಸ್ಟ್ರಾ ಇಟ್ಟು ಕೊಟ್ಟು, ಎಲ್ಲವನ್ನೂ ಸಿಂಕಿನಲ್ಲಿ ಬಿಟ್ಟು ಕೆಲಸಕ್ಕೆ ಹೋದ.

ಸಂಜೆ ಬಂದು ಜಾಲರಿಗೆ ನೀರು ತೋರಿಸಿ ಮತ್ತೆ ಜೋಡಿಸಿ ಬೀಟ್‌ರೂಟು ಹಾಕಿದ. ಸ್ವಿಚ್ ಹಾಕಿದ್ದೇ ತಡ, ಯಂತ್ರ ಗಡಗಡ ನಡುಗಿತು. ಮುಚ್ಚಳದ ಸಂದಿಯಿಂದ ರಸ ಚಿಮ್ಮಿ ಅವನ ಅಂಗಿಯೆಲ್ಲ ಕೆಂಪಾಯಿತು. ಬಿಚ್ಚಿ ನೋಡಿದರೆ ಜಾಲರಿಯ ತೂತುಗಳಲ್ಲಿ ಬೆಳಗಿನ ಕ್ಯಾರೆಟ್ ನಾರು ಒಣಗಿ ಗಟ್ಟಿಯಾಗಿತ್ತು. ಅವನು ಚೀಲದಿಂದ ಕಬ್ಬಿಣ ಉಜ್ಜುವ ತಂತಿಯ ಬ್ರಷ್ ತೆಗೆದ.

ಭಾಗ್ಯಲಕ್ಷ್ಮಿ ಎದ್ದು ಬಂದು ಅವನ ಕೈ ಹಿಡಿದಳು. ಬೇಸಿನ್ನಿನಲ್ಲಿ ಬಿಸಿನೀರು, ಸೋಪಿನ ಪುಡಿ ಹಾಕಿ ಜಾಲರಿ ನೆನೆಸಿದಳು. ಸ್ವಲ್ಪ ಹೊತ್ತಿನ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ ಅವನ ಕೈಗಿಟ್ಟು, ಹೊರಗಿನಿಂದ ಉಜ್ಜಬೇಕೆಂದು ಬೆರಳಿನಲ್ಲೇ ತೋರಿಸಿದಳು. ಅವನು ಉಜ್ಜಿದ. ಕಿಟಕಿಗೆ ಹಿಡಿದು ನೋಡಿದಳು. ಒಂದು ಕಡೆ ಬೆಳಕು ಬರಲಿಲ್ಲ. ವಾಪಸು ಕೊಟ್ಟಳು. ಮೂರನೆಯ ಸಲಕ್ಕೆ ತಲೆಯಾಡಿಸಿದಳು. ಮದುವೆಯಾದ ಮೇಲೆ ಅವನು ಈ ಮನೆಯಲ್ಲಿ ತೊಳೆದ ಮೊದಲ ಸಾಮಾನು ಅದು.

"ನಾನು ನಿಧಾನಕ್ಕೆ ಹೋಗಬೇಕಿತ್ತು ಭಾಗ್ಯಾ. ತಪ್ಪು ನಂದೇ," ಅಂದ ಅವನು, ಜಾಲರಿಯನ್ನೇ ನೋಡುತ್ತ.

ಅವಳು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದಳು: 'ನಾಯಿ ಅಡ್ಡ ಬಂತು. ನೀವಾದ್ರೂ ಏನು ಮಾಡ್ತಿದ್ರಿ. ಅಂಗಿ ಬಿಚ್ಚಿ ನೆನೆ ಹಾಕ್ರಿ.'

ಮರುದಿನದಿಂದ ಅವನು ಅರ್ಧ ಗಂಟೆ ಮೊದಲೇ ಏಳತೊಡಗಿದ. ಮೋಸಂಬಿಯ ಬಿಳಿ ಸಿಪ್ಪೆ ತೆಗೆಯದೆ ಬಿಟ್ಟರೆ ಕಹಿಯಾಗುತ್ತದೆಂದು ಕಲಿತ. ಅವಳು ಕುಡಿದು ಮುಗಿಸುವಷ್ಟರಲ್ಲಿ ಜಾಲರಿ ತೊಳೆದಿರುತ್ತಿತ್ತು. ಕಾರ್ಖಾನೆಯಲ್ಲಿ ಜೊತೆಯವರು ಅವನ ಕೆಂಪು ಉಗುರು ನೋಡಿ ಏನಾಯಿತೆಂದು ಕೇಳಿದರೆ, "ಬೀಟ್‌ರೂಟು," ಎಂದಷ್ಟೇ ಹೇಳಿ ಕೆಲಸಕ್ಕೆ ತಿರುಗುತ್ತಿದ್ದ.

ತಿಂಗಳಾದ ಮೇಲೆ ಡಾಕ್ಟರು ತಂತಿ ಬಿಚ್ಚಿದರು. ಹರಿಹರದ ಬಸ್ಸಿನಲ್ಲಿ ಕೂತಾಗ ಭಾಗ್ಯಲಕ್ಷ್ಮಿ ತುಸುವೇ ಬಾಯಿ ತೆರೆದು ಅಂದಳು, "ಒಂದು ಮಾತು ಹೇಳ್ಲಾ?"

"ಹೇಳು."

"ಜ್ಯೂಸಿಗೆ ದಿನಾ ಶುಂಠಿ ಜಾಸ್ತಿ ಹಾಕ್ತಿದ್ರಿ. ಗಂಟಲು ಉರಿಯೋದು."

"ಬರದು ತೋರಿಸಬೇಕಿತ್ತಪ್ಪ, ಯಾಕ ಸುಮ್ನಿದ್ದೆ?"

"ಪೆನ್ನು ತಗಂತಿದ್ದೆ. ನೀವು ಜಾಲರಿ ಹಿಡಕಂಡು ಕಿಟಕಿ ಮುಂದ ನಿಂತಿರ್ತಿದ್ರಿ. ಬರೆಯಾಕ ಮನಸು ಬರ್ತಿರಲಿಲ್ಲ."

ಅವನು ಕಿಟಕಿಯಾಚೆ ನೋಡಿದ. ನಗು ಬಂದಿತ್ತು.

ಮನೆಗೆ ಬಂದವನೇ ಜ್ಯೂಸರನ್ನು ಇನ್ನೊಮ್ಮೆ ಒರೆಸಿ ನುಜತ್‌ಗೆ ಕೊಟ್ಟು ಬಂದ. ಮೆತ್ತಗಿನ ಅನ್ನಕ್ಕೆ ಸಾರು ಕಲಸಿ ಭಾಗ್ಯಲಕ್ಷ್ಮಿಯ ಮುಂದಿಟ್ಟ. ಒಂದೊಂದು ತುತ್ತಿನ ನಡುವೆ ಅವಳು ತಿಂಗಳಿಡೀ ಹೇಳದೆ ಉಳಿದದ್ದನ್ನೆಲ್ಲ ಹೇಳತೊಡಗಿದಳು. ಅವನು ಅರ್ಧ ದಿನವಷ್ಟೇ ರಜೆ ಹಾಕಿದ್ದ, ಕಾರ್ಖಾನೆಗೆ ಹೊತ್ತಾಗುತ್ತಿತ್ತು. ಕರಿಬಸವರಾಜ ಗೋಡೆಗೆ ಒರಗಿ ಕೂತು, "ಹ್ಞೂಂ, ಆಮ್ಯಾಲೆ?" ಅಂದ.