ತೊಟ್ಟಿ ಪಕ್ಕದ ಫೀಜೋವಾ

ಹೋದ ವರ್ಷ ನಮ್ಮ ಫೀಜೋವಾ ಗಿಡದಲ್ಲಿ ಬಿಟ್ಟಿದ್ದು ಒಂದೇ ಒಂದು ಹಣ್ಣು. ಕೋಳಿಮೊಟ್ಟೆಯಷ್ಟಿತ್ತು. ಹಣ್ಣಾದರೂ ಹಸಿರೇ, ನೋಡಿದರೆ ಯಾರೂ ಮೂಸುವುದಿಲ್ಲ. ನಾನು ಅದನ್ನು ಅಡ್ಡ ಕೊಯ್ದು, ಚಮಚದಲ್ಲಿ ತಿರುಳು ತೆಗೆದು ಅಜ್ಜಿಯ ಬಾಯಿಗಿಟ್ಟೆ. ಏಳು ತಿಂಗಳಿಂದ ನನ್ನನ್ನು ‘ಯಾರವ್ವ ನೀನು’ ಎಂದು ಕೇಳುತ್ತಿದ್ದ ನಮ್ಮ ಲಿಂಗಾಜಮ್ಮ ಅಜ್ಜಿ ಚಮಚ ನೆಕ್ಕಿ, ನನ್ನ ಮುಖವನ್ನೇ ನೋಡಿ ಅಂದಳು:

“ಸುಧಾ, ಇನ್ನೊಂದಿದ್ರೆ ಕೊಡೇ.”

ಇನ್ನೊಂದು ಇರಲಿಲ್ಲ. ಸಂಜೆಗೆ ಮತ್ತೆ ‘ಯಾರವ್ವ ನೀನು’ ಶುರುವಾಯಿತು.

ಅವ್ವ ಅದೆಲ್ಲ ಕಾಕತಾಳೀಯ ಅಂದಳು. ಡಾಕ್ಟರು ಮರೆವಿನ ಕಾಯಿಲೆಗೆ ಹಣ್ಣಿನ ಮದ್ದಿಲ್ಲ ಅಂದರು. ನಾನು ಇಬ್ಬರ ಮಾತನ್ನೂ ಕೇಳಲಿಲ್ಲ. ಮೇಲಿನ ಹಟ್ಟಿಯ ಭೋಜನ್ ಮಾಮನ ಹತ್ತಿರ ಓಡಿದೆ. ನಾಲ್ಕು ವರ್ಷದ ಹಿಂದೆ ಗಿಡ ಕೊಟ್ಟವರು ಅವರೇ. ಸಣ್ಣ ಟೀ ತೋಟ, ದೊಡ್ಡ ನಗು.

“ಒಂಟಿ ಗಿಡ ಕಾಯಿ ಹಿಡಿಯೋದು ಕಷ್ಟ ಕೂಸೇ. ಜೊತೆ ಬೇಕು, ನಿಂಗೂ ಅಷ್ಟೇ,” ಎಂದು ಚುಡಾಯಿಸಿ, ಡ್ರಮ್ಮಿನಲ್ಲಿ ಬೆಳೆಸಿದ್ದ ಬೇರೆ ತಳಿಯ ಫೀಜೋವಾ ಗಿಡವನ್ನೇ ಜೀಪಿನಲ್ಲಿ ತಂದಿಳಿಸಿದರು. “ಮಾರ್ಚಲ್ಲಿ ಚಿಗುರು ಬರುತ್ತೆ. ಹೊಸ ಚಿಗುರಿನ ಬುಡದಲ್ಲೇ ಮೊಗ್ಗು. ಕತ್ತರಿ ಗಿತ್ತರಿ ಹಾಕಿದ್ಯೋ, ಈ ವರ್ಷದ ಹಣ್ಣು ಮರೆತುಬಿಡು.”

ನೀರಿನ ತೊಟ್ಟಿಯ ಎರಡು ಕಡೆ ಎರಡು ಗಿಡ. ಬುಡಕ್ಕೆ ಸಗಣಿಗೊಬ್ಬರ, ಅದರ ಮೇಲೆ ಒಣಹುಲ್ಲು. ಜನವರಿಯ ಹಿಮ ಬೀಳದಂತೆ ಅಪ್ಪನ ಹಳೇ ಪಂಚೆ ಹೊದಿಸಿದೆ. ಪರಾಗ ದಾಟಿಸಲು ಚಿತ್ರ ಬಿಡಿಸುವ ಬ್ರಷ್ ತಂದಿಟ್ಟೆ. ಕಲ್ಲಟ್ಟಿಯಿಂದ ಊಟಿಯ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಗಿಡದ ಫೋಟೋ ತೋರಿಸಿದ್ದೇ ತೋರಿಸಿದ್ದು; ಗೆಳತಿ ಜನನಿ ಕೊನೆಗೆ ಸೀಟೇ ಬದಲಾಯಿಸಿದಳು.

ಮಾರ್ಚಿನಲ್ಲಿ ಚಿಗುರು ಬಂತು. ಬಂದ ಹಾಗೇ ಮಾಯವಾಯಿತು.

ಬೆಳಿಗ್ಗೆ ನೋಡಿ ಹೋದ ಬೆಳ್ಳಿ ಬಣ್ಣದ ಎಳೆ ತುದಿಗಳು ಸಂಜೆ ಬರುವಷ್ಟರಲ್ಲಿ ಇಲ್ಲ. ಕಡವೆ ಅಂದುಕೊಂಡೆ. ಸುತ್ತ ಮುಳ್ಳು ಹಾಕಿದೆ. ಕೋತಿ ಅಂದುಕೊಂಡೆ. ತಗಡಿನ ಡಬ್ಬ ಕಟ್ಟಿದೆ. ಒಂದು ಭಾನುವಾರ ಭೋಜನ್ ಮಾಮ ಬಂದು ಒಂದು ಕಡ್ಡಿ ಹಿಡಿದು ನೋಡಿದರು. ಅವರ ನಗು ನಿಂತಿತು.

“ಕಡವೆ ಎಳೆದು ಹರಿಯುತ್ತೆ. ಇದು ಉಗುರಲ್ಲಿ ಚಿವುಟಿರೋದು. ನೋಡು, ಎರಡು ಎಲೆ, ಒಂದು ಕುಡಿ. ಟೀ ಫ್ಯಾಕ್ಟರಿಗೆ ಹಾಕೋ ಎಲೆ ಲೆಕ್ಕ.”

ನಾನು ಹಿತ್ತಲಿನ ಬಾಗಿಲ ಕಡೆ ತಿರುಗಿದೆ. ಅಜ್ಜಿ ಬಿಸಿಲಲ್ಲಿ ಕೂತಿದ್ದಳು. ಮಡಿಲ ಸೆರಗು ಉಬ್ಬಿತ್ತು. ಮೂವತ್ತೊಂದು ವರ್ಷ ಎಸ್ಟೇಟಿನಲ್ಲಿ ಎಲೆ ಕಿತ್ತ ಬೆರಳುಗಳು ಆ ಎಳೆ ಚಿಗುರನ್ನು ನಿಧಾನವಾಗಿ ಆರಿಸುತ್ತಿದ್ದವು.

ಅವ್ವನಿಗೆ ಮೊದಲೇ ಗೊತ್ತಿತ್ತು.

“ಯಾಕವ್ವ ಹೇಳ್ಲಿಲ್ಲ?” ಎಂದು ಕಿರುಚಿದೆ.

“ಕಿತ್ತ ದಿನ ಉಣ್ತಾಳೆ, ಮಲಗ್ತಾಳೆ. ಇಲ್ದಿದ್ರೆ ಎಸ್ಟೇಟ್ ಇಳಿಜಾರಿಗೆ ಓಡ್ತಾಳೆ. ಹೋದ್ಸಲ ಬಿದ್ದು ಕೈ ಮುರ್ಕೊಂಡಿದ್ದು ಮರೆತ್ಯಾ? ನಿಂಗೆ ಹಣ್ಣು, ನಂಗೆ ಅತ್ತೆ.”

ನಾನು ಕೋಳಿಗೂಡಿನ ತಂತಿಬಲೆ ತಂದು ಎರಡೂ ಗಿಡಕ್ಕೆ ಸುತ್ತಿ, ಬೀಗ ಹಾಕಿದೆ. ಎರಡು ದಿನ ಅಜ್ಜಿ ಬಲೆ ಹಿಡಿದು ನಿಂತಳು. “ಮೇಸ್ತ್ರಿ ಬತ್ತಾನೆ. ಬುಟ್ಟಿ ಖಾಲಿ. ಬುಡ್ರವ್ವ ಒಳಕ್ಕೆ.” ಅನ್ನ ಮುಟ್ಟಲಿಲ್ಲ. ನಾನು ಭೋಜನ್ ಮಾಮನ ತೋಟದಿಂದ ಟೀ ಕೊಂಬೆ ತಂದು ಮಣ್ಣಿನಲ್ಲಿ ಸಾಲಾಗಿ ನೆಟ್ಟೆ. ಅಜ್ಜಿ ಒಂದು ಎಲೆ ಮುಟ್ಟಿ ಬಿಟ್ಟಳು.

“ಸತ್ತದೆ ಇದು. ಯಾರ್ಗೆ ಟೋಪಿ ಹಾಕ್ತಿಯೇ?”

ಮೂರನೇ ದಿನ ಅವಳು ನೀರನ್ನೂ ಉಗಿದಳು. ಅವ್ವ ಬೀಗದ ಕೈ ನನ್ನ ಮುಂದೆ ಇಟ್ಟು ಒಳಗೆ ಹೋದಳು.

ಬೀಗ ತೆಗೆದೆ.

ಅಜ್ಜಿ ನುಗ್ಗಿದಳು. ಎರಡೂ ಕೈ, ಎಡಬಲ, ನೋಡದೆಯೇ. ಚಿಟ್ ಚಿಟ್ ಚಿಟ್. ನಾನು ಹಿಂದೆ ಹಿಂದೆ ಹೋಗುತ್ತಾ, ದಯವಿಟ್ಟು ಇದೊಂದು, ಇದೊಂದು ಎಂದು ಬೇಡುತ್ತಿದ್ದೆ. ಮೊದಲ ಗಿಡ ಮುಗಿಯಿತು. ಎರಡನೆಯದೂ ಬೋಳಾಯಿತು. ತೊಟ್ಟಿಯ ಕಡೆ ಬಾಗಿದ ಒಂದು ಚಿಗುರು ಮಾತ್ರ ಉಳಿದಿತ್ತು. ಅದರ ಬುಡದಲ್ಲಿ ಬಟಾಣಿಯಂಥ ನಾಲ್ಕು ಮೊಗ್ಗು. ನಾನು ಅದನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡೆ.

ಅಜ್ಜಿ ನನ್ನ ಕೈ ಮೇಲೆ ಪಟ್ಟನೆ ಹೊಡೆದಳು.

“ತೆಗಿ ಕೈಯ. ಯಾರ್ ಕೂಸೇ ನೀನು, ನನ್ ಸಾಲಿಗೆ ಬಂದು?”

“ನಾನು ಸುಧಾ ಅಜ್ಜಿ. ನಿನ್ ಸುಧಾ.”

ಅಜ್ಜಿ ನಕ್ಕಳು. ಹಲ್ಲಿಲ್ಲದ, ಎಷ್ಟೋ ತಿಂಗಳಿಂದ ನಾನು ನೋಡದ ನಗು.

“ಸುಳ್ ಬೊಗಳ್ಬೇಡ. ನಮ್ ಸುಧಾ ಇಷ್ಟೇ ಇಷ್ಟುದ್ದ ಅವ್ಳೆ. ಸ್ಕೂಲಿಗೆ ಹೋಗವ್ಳೆ. ನಾಲ್ಕು ಗಂಟೆಗೆ ಬತ್ತಾಳೆ, ಹಸ್ಕೊಂಡು. ಅವ್ಳು ಬರೋದ್ರೊಳಗೆ ಬುಟ್ಟಿ ತುಂಬ್ಬೇಕು ಕಣವ್ವ. ಬುಡು.”

ನಾನು ಕೈ ತೆಗೆದೆ.