ಕಡಲಿಲ್ಲದ ಊರಿನ ಬೈಲಾ

ಗುಬ್ಬಿಗೂ ಕುಣಿಗಲ್ಲಿಗೂ ನಡುವೆ ಇರುವ ಆ ಪಟ್ಟಣದಲ್ಲಿ ನೋಡುವಂಥದ್ದು ಅಂತ ಇದ್ದದ್ದು ಒಂದೇ, ಬಸ್‌ಸ್ಟ್ಯಾಂಡ್ ಎದುರಿನ ಕಲ್ಲುಛತ್ರ. ಯಡಿಯೂರಿಗೆ ನಡೆದು ಹೋಗುವವರು ಅದರ ಜಗಲಿಯಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿದ್ದರು. ಅವರಿಗೆ ಮಜ್ಜಿಗೆ ಕೊಡುವುದು ಸರ್ವಮಂಗಳಮ್ಮನ ಮನೆತನದ ಸೇವೆ. ಕೈಯೊಡ್ಡಿದವರ ಜಾತಿ ಕೇಳಬೇಡ, ಇಲ್ಲ ಅನ್ನಬೇಡ ಅಂತ ಅತ್ತೆ ಸಾಯುವಾಗ ಹೇಳಿ ಹೋಗಿದ್ದರು. ಸರ್ವಮಂಗಳಮ್ಮ ಆ ಮಾತು ಮೀರಿದವಳಲ್ಲ.

ಪಟ್ಟಣ ಪಂಚಾಯ್ತಿ ಅಧ್ಯಕ್ಷ ಪ್ರಭುದೇವನ ಕಣ್ಣು ಛತ್ರದ ಮೇಲೆ ಬಿತ್ತು. ಕೆಡವಿ ಅಂಗಡಿ ಮಳಿಗೆ ಕಟ್ಟಿಸಬೇಕಂತೆ. ಸರ್ವಮಂಗಳಮ್ಮ ತುಮಕೂರಿಗೆ ಅಲೆದಳು. ಅಲ್ಲಿಯ ಸಾಹೇಬರು, ‘ಹಳೇ ಕಟ್ಟಡ ಉಳಿಸೋ ಅಧಿಕಾರ ನಿಮ್ಮ ಪಂಚಾಯ್ತಿಗೇ ಇದೆಯಲ್ಲಮ್ಮ. ಒಂದು ಬೈಲಾ ಮಾಡಿಕೊಂಡ್ರೆ ಸಾಕು’ ಎಂದರು. ಕಳ್ಳನ ಕೈಗೇ ಬೀಗದಕೈ!

ಆದರೂ ಅವಳು ಬಿಡಲಿಲ್ಲ. ಊರವರನ್ನು ಕೂಡಿಸಿ ಪಂಚಾಯ್ತಿ ಬಾಗಿಲಲ್ಲಿ ಕೂತಳು. ಎಲೆಕ್ಷನ್ ಹತ್ತಿರವಿತ್ತು, ಪ್ರಭುದೇವ ಒಪ್ಪಿದ. ಬೈಲಾ ಮಾಡುವುದನ್ನು ಕಲಿಯಲು ಸದಸ್ಯರೆಲ್ಲ ಕರಾವಳಿಗೆ ಅಧ್ಯಯನ ಪ್ರವಾಸ ಹೊರಟರು. ಏನು ಅಧ್ಯಯನವೋ! ಪಂಚೆ ಮೊಣಕಾಲಿಗೆತ್ತಿ ಅಲೆಯಲ್ಲಿ ನಿಂತ ಫೋಟೋಗಳು ಊರಿನವರ ಮೊಬೈಲಿಗೆಲ್ಲ ಬಂದವು. ಬರುವಾಗ ಅಲ್ಲಿಯ ಪುರಸಭೆಯೊಂದರ ಬೈಲಾವನ್ನು ಜೆರಾಕ್ಸ್ ಮಾಡಿಸಿ ತಂದರು, ಊರಿನ ಹೆಸರು ಬದಲಿಸಿದರು, ಮೇಜು ಕುಟ್ಟಿ ಪಾಸು ಮಾಡಿದರು. ಒಬ್ಬನಾದರೂ ಓದಬೇಡವೇ? ಬೋಂಡದ ತಟ್ಟೆ ಬಂದಿತ್ತು, ಕೈಗೆ ಬಿಡುವೆಲ್ಲಿ! ಆ ಸಂಜೆ ಸರ್ವಮಂಗಳಮ್ಮ ಛತ್ರದ ಕಂಬಕಂಬಕ್ಕೂ ವಿಭೂತಿ ಹಚ್ಚಿದಳು.

ಎಲೆಕ್ಷನ್ ಮುಗಿಯಿತು, ಪ್ರಭುದೇವ ಗೆದ್ದ, ಛತ್ರದ ಮುಂದೆ ಜೆಸಿಬಿ ಬಂದು ನಿಂತಿತು. ಅವಳು ಏದುಸಿರು ಬಿಡುತ್ತ ಪಂಚಾಯ್ತಿಗೆ ಓಡಿದಳು.

‘ಬೈಲಾ ಐತಲ್ಲಪ್ಪ! ಅದೆಂಗೆ ಕೆಡವ್ತೀರಿ?’

ಪ್ರಭುದೇವ ಗುಮಾಸ್ತನ ಕೈಲಿ ಓದಿಸಿದ. ‘ಕಡಲ ದಡದಿಂದ ಅರ್ಧ ಕಿಲೋಮೀಟರ್ ಒಳಗಿನ ಹಳೆಯ ಕಟ್ಟಡಗಳನ್ನು ಕೆಡವತಕ್ಕದ್ದಲ್ಲ.’

ಓದಿ ಮುಗಿಯುತ್ತಲೇ ಪ್ರಭುದೇವ ಹೊಟ್ಟೆ ಕುಣಿಸಿ ನಕ್ಕ.

‘ನಮ್ಮೂರಿಗೆ ಕಡಲೆಲ್ಲಿಂದ ತರಾನ ಸರ್ವಮಂಗಳಕ್ಕ? ಮಾರ್ಕೋನಹಳ್ಳಿ ಡ್ಯಾಮೂ ದೂರ ಆಯ್ತು.’

‘ತಪ್ಪು ನಿಮ್ದು ಕಣಪ್ಪ. ಈಗ್ಲೇ ತಿದ್ದು.’

‘ಹಂಗೆಲ್ಲ ಆಗಲ್ಲಕ್ಕ. ಮುಂದಿನ ಮೀಟಿಂಗ್‌ನಾಗೆ ತಿದ್ದಾನ ಬುಡು.’

ಅವಳಿಗೆ ಅಳು ಬರಲಿಲ್ಲ, ಹೇಸಿಗೆ ಬಂತು. ಘಾಟಿಗಳ ಕೈಲಿ ಸೋತಿದ್ದರೆ ಹೋಗಲಿ ಅನ್ನಬಹುದಿತ್ತು. ತಾವೇ ಸಹಿ ಹಾಕಿದ್ದನ್ನು ಓದದ ಈ ದಂಡಪಿಂಡಗಳ ಕೈಲಿ ಸೋತೆನಲ್ಲ ಅಂತ ಮೈಯೆಲ್ಲ ಉರಿಯಿತು.

ಮಧ್ಯಾಹ್ನದ ಹೊತ್ತಿಗೆ ಛತ್ರ ಕಲ್ಲಿನ ರಾಶಿಯಾಗಿತ್ತು. ಸರ್ವಮಂಗಳಮ್ಮ ಎಂದಿನಂತೆ ಮಜ್ಜಿಗೆ ಮಡಕೆ ಇಟ್ಟುಕೊಂಡು ಎದುರಿನ ಬೇವಿನ ಮರದ ಕೆಳಗೆ ಕೂತಿದ್ದಳು. ಜೆಸಿಬಿ ಓಡಿಸುವ ಅಫ್ತಾಬ್ ಇಳಿದು ಬಂದು ತಲೆ ತಗ್ಗಿಸಿ ನಿಂತ.

‘ಅಮ್ಮ, ಬೇಜಾರ್ ಮಾಡ್ಕೋಬೇಡಿ. ಹೇಳಿದ್ ಕೆಲ್ಸ ಮಾಡೋನು ನಾನು.’

‘ಕುಡಿಯಪ್ಪ, ಬಿಸ್ಲು’ ಎಂದು ಅವಳು ಚೊಂಬು ತುಂಬಿ ಕೊಟ್ಟಳು.

ಕಲ್ಲಿನ ರಾಶಿಯ ಮೇಲೆ ನಿಂತು ಫೋಟೋ ತೆಗೆಸಿಕೊಂಡ ಪ್ರಭುದೇವ ಬೆವರು ಒರೆಸುತ್ತ ಬಂದ. ನಾಚಿಕೆಯಿಲ್ಲದೆ ಕೈಯೊಡ್ಡಿದ.

‘ಅಕ್ಕ, ನಂಗೂ ಒಂದ್ ಲೋಟ.’

ಅತ್ತೆ ಕ್ಷಮಿಸಲಿ ಅಂದುಕೊಂಡು ಸರ್ವಮಂಗಳಮ್ಮ ಮಡಕೆಗೆ ಮುಚ್ಚಳ ಮುಚ್ಚಿದಳು.

‘ಕಡಲ ದಡದಿಂದ ಅರ್ಧ ಕಿಲೋಮೀಟರ್ ಒಳಗಿರೋರ್ಗೆ ಮಾತ್ರ ಕಣಪ್ಪ ಮಜ್ಜಿಗೆ. ಮುಂದಿನ ಮೀಟಿಂಗ್‌ನಾಗೆ ತಿದ್ದಾನ ಬುಡು.’