ಐಲಾಳ ಪರದೆಯ ವೇಗ

ಸ್ಪರ್ಧೆಯ ನಿಯಮ ಸರಳ. ಶುಕ್ರವಾರ ಸಂಜೆ ಒಂದು ವಿಷಯ ಕೊಡುತ್ತಾರೆ. ಭಾನುವಾರ ಸಂಜೆಯೊಳಗೆ ಬ್ರೌಸರ್‌ನಲ್ಲಿ ಆಡಬಹುದಾದ ಗೇಮ್ ಸಿದ್ಧವಾಗಬೇಕು. ಚಿತ್ರ, ಶಬ್ದ, ಕೋಡ್ ಎಲ್ಲ ಸೇರಿ ಹತ್ತು ಕಿಲೋಬೈಟ್ ಮೀರಬಾರದು. ಫೋನಿನಲ್ಲಿ ತೆಗೆದ ಒಂದು ಫೋಟೊ ಇದರ ನೂರಾರು ಪಟ್ಟು ದೊಡ್ಡದು. ಬಹುಮಾನವೇನೂ ಇಲ್ಲ. ಸ್ಪರ್ಧಿಗಳೇ ಒಬ್ಬರ ಗೇಮನ್ನು ಇನ್ನೊಬ್ಬರು ಆಡಿ ಅಭಿಪ್ರಾಯ ಬರೆಯುತ್ತಾರೆ.

ಈ ಸಲದ ವಿಷಯ ‘ತೂಕ’. ಸರೋವರದ ದಡದ ಊರು ಥಂಡರ್ ಬೇಯ ತನ್ನ ಮನೆಯಲ್ಲಿ ಐಲಾ ಹಕಾಲಾ ವಿಷಯಕ್ಕಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಕಿಟಕಿಯಿಂದ ಕಾಣುವುದೇ ಹಡಗಿಗೆ ಸುರಿಯುವ ಧಾನ್ಯ ತುಂಬಿಡುವ ಬಂದರಿನ ಗೋಪುರಗಳು. ಅವಳ ಗೇಮಿನಲ್ಲಿ ಒಂದು ಹಡಗು ನಿಂತಿರುತ್ತದೆ. ಮೇಲೆ ಒಂದು ಕೊಳವೆ ತಾನಾಗಿ ಆಚೀಚೆ ಓಡಾಡುತ್ತದೆ. ಕೀ ಒತ್ತಿದರೆ ಅದರಿಂದ ಗೋಧಿ ಸುರಿಯುತ್ತದೆ. ಒಂದು ಕಡೆ ಹೆಚ್ಚಾದರೆ ಹಡಗು ವಾಲುತ್ತದೆ, ಮತ್ತೂ ಹೆಚ್ಚಾದರೆ ಮಗುಚುತ್ತದೆ. ಸಮವಾಗಿ ತುಂಬಿದರೆ ಕೂಗು ಹಾಕಿ ಸರೋವರಕ್ಕೆ ಹೊರಡುತ್ತದೆ.

ಗುರುತಿಲ್ಲದ ಯಾರಾದರೂ ಆ ಹಡಗು ಹೊರಡುವವರೆಗೆ ಆಡಬೇಕು ಎಂಬುದಷ್ಟೇ ಅವಳ ಆಸೆ. ಹಿಂದಿನ ಗೇಮುಗಳನ್ನೆಲ್ಲ ಅವಳು ಗೆಳೆಯ ಲೋರ್ನ್ ಪೆಟ್ರೋನ್ ಜೊತೆ ಸೇರಿ ಮಾಡಿದ್ದಳು. ಒಂದನ್ನೂ ಜನ ಕೊನೆಯವರೆಗೆ ಆಡಿರಲಿಲ್ಲ. ಹೋದ ಚಳಿಗಾಲ ಲೋರ್ನ್ ಆ ಜೋಡಿ ಕೆಲಸದಿಂದ ಬೇರೆಯಾದ. “ನೀನು ನಿನ್ನ ಕೈಗೆ ಮಾತ್ರ ಒಗ್ಗೋ ಗೇಮ್ ಮಾಡ್ತೀಯ ಮಾರಾಯ್ತಿ. ಆಡೋರಿಗೆ ಉಸಿರಾಡೋಕಾದ್ರೂ ಬಿಡು” ಎಂದಿದ್ದ. ಜಗಳವೇನೂ ಆಗಲಿಲ್ಲ. ಆದರೆ ಈ ಸಲ ಅವಳು ಇಬ್ಬರೂ ಬಳಸುತ್ತಿದ್ದ ಹಳೆಯ ಕೋಡಿನಿಂದ ಒಂದು ಸಾಲನ್ನೂ ತೆಗೆದುಕೊಳ್ಳದೆ ಖಾಲಿ ಫೈಲಿನಿಂದ ಶುರುಮಾಡಿದಳು.

ಶನಿವಾರ ಮಧ್ಯಾಹ್ನ ತಮ್ಮ ಟಿಮೊ ಸೌನಾಕ್ಕೆ, ಬಿಸಿ ಹಬೆಯ ಕೋಣೆಯಲ್ಲಿ ಕೂರಲು, ಬಂದ. ಸ್ಕೂಲ್ ಬಸ್ ಓಡಿಸುವವನು; ವಾರಕ್ಕೊಮ್ಮೆ ಅಕ್ಕನ ಹಿತ್ತಲಿನ ಸೌನಾದಲ್ಲಿ ಬೆವರದಿದ್ದರೆ ಅವನಿಗೆ ವಾರ ಮುಗಿದಂತಾಗುವುದಿಲ್ಲ. ಒಲೆ ಕಾಯುವ ತನಕ ಏಲಕ್ಕಿ ಬ್ರೆಡ್ ತಿನ್ನುತ್ತ ಗೇಮ್ ಆಡಿ ನೋಡಿದ. ಹಡಗು ಮಗುಚಿತು. ಮತ್ತೆ ಆಡಿದ, ಮತ್ತೆ ಮಗುಚಿತು.

“ಅಕ್ಕಾ, ಇದು ಆಟಾನಾ, ಶಿಕ್ಷೆನಾ?”

“ಅಭ್ಯಾಸ ಆಗ್ಬೇಕು ಕಣೋ. ನೋಡು ಹಿಂಗೆ.” ಅವಳು ಹಡಗನ್ನು ತುಂಬಿಸಿ ಕಳಿಸಿದಳು.

“ನೀನು ಮಾಡಿದ್ದನ್ನ ನೀನು ಆಡ್ತೀಯ. ಅದರಲ್ಲೇನು ದೊಡ್ಡಸ್ತಿಕೆ? ನನ್ನ ಬಸ್ಸಲ್ಲಿರೋ ಪಿಳ್ಳೆಗಳೂ ಎರಡು ಸಲಕ್ಕೆ ಬಿಟ್ಟು ಎದ್ದೋಗ್ತವೆ.”

“ಪಿಳ್ಳೆಗಳಿಗೆ ಅಂತ ಮಾಡಿಲ್ಲ.”

“ಮತ್ತೆ ಯಾರಿಗೆ?”

ಅವಳು ಸೌನಾದ ಒಲೆ ನೋಡಲು ಎದ್ದು ಹೋದಳು. ಅವನು ಹೋದ ಮೇಲೆ ಕೊಳವೆಯ ವೇಗವನ್ನು ಚೂರು ತಗ್ಗಿಸಿದಳು, ಆಡಿ ನೋಡಿದಳು, ಸಪ್ಪೆ ಎನಿಸಿ ಮೊದಲಿನಂತೆಯೇ ಮಾಡಿದಳು.

ಭಾನುವಾರವೆಲ್ಲ ಗಾತ್ರ ಇಳಿಸುವುದರಲ್ಲೇ ಹೋಯಿತು. ಪರದೆಯ ಮೇಲಿದ್ದ ಕಡಲಹಕ್ಕಿ ಹೋಯಿತು. ನೀರಿನ ಅಲೆ ಒಂದೇ ಗೆರೆಯಾಯಿತು. ಗೋಧಿಯ ಕಾಳು ಮಾತ್ರ ಒಂದೊಂದಾಗಿ ಬೀಳಬೇಕೆಂದು ಹಟ ಹಿಡಿದು ಉಳಿಸಿಕೊಂಡಳು. ಗಡುವು ಮುಗಿಯಲು ಇನ್ನೇನು ಸ್ವಲ್ಪವೇ ಇದೆ ಎನ್ನುವಾಗ ಅಪ್‌ಲೋಡ್ ಮಾಡಿ, ತಣ್ಣಗಾಗಿದ್ದ ಸೂಪನ್ನು ಬಿಸಿ ಮಾಡದೆಯೇ ಕುಡಿದಳು.

ಸೋಮವಾರ ಅಭಿಪ್ರಾಯಗಳು ಬರತೊಡಗಿದವು. ‘ಎಷ್ಟು ನೆಮ್ಮದಿಯ ಆಟ. ಕಾಳು ಬೀಳುವುದನ್ನೇ ನೋಡುತ್ತ ಕೂತೆ.’ ‘ಹಡಗು ಹೊರಟಾಗ ಯಾಕೋ ನಾನೂ ಕೈ ಬೀಸಿದೆ.’ ‘ಇಷ್ಟು ನಿಧಾನದ ಗೇಮ್ ಮಾಡಲು ಧೈರ್ಯ ಬೇಕು.’ ಮೊದಲನೆಯದು ವ್ಯಂಗ್ಯ ಇರಬೇಕೆಂದುಕೊಂಡಳು. ಆದರೆ ಎಲ್ಲರೂ ಸೇರಿ ಹೀಗೆ ವ್ಯಂಗ್ಯ ಮಾಡಲಾರರು. ಆಮೇಲೆ ಒಬ್ಬ ಬರೆದ: ‘ನಿಧಾನವೇ? ಕೊಳವೆ ಕಣ್ಣಿಗೆ ಸಿಗುವುದೇ ಇಲ್ಲ. ಆಡಲು ಅಸಾಧ್ಯ.’

ಒಂದೇ ಗೇಮ್ ಕೆಲವರಿಗೆ ನಿಧಾನ, ಒಬ್ಬನಿಗೆ ಅತಿ ವೇಗ. ಆ ಎರಡನ್ನು ಅಕ್ಕಪಕ್ಕ ಇಟ್ಟಾಗ ಕಾರಣ ಹೊಳೆಯಿತು. ಖಚಿತಪಡಿಸಿಕೊಳ್ಳಲು ಟಿಮೊ ಮನೆಗೆ ಹೋಗಿ ಅವನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಗೇಮ್ ತೆರೆದಳು. ಕೊಳವೆ ಗಾಳಿಗೆ ಆಡುವ ಜೋಕಾಲಿಯಂತೆ ನಿಧಾನವಾಗಿ ತೂಗುತ್ತಿತ್ತು.

ಸಾಮಾನ್ಯ ಪರದೆ ಸೆಕೆಂಡಿಗೆ ಅರವತ್ತು ಸಲ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. ಗೇಮ್ ಆಡುವವರಿಗೆಂದೇ ಮಾಡಿದ ಅವಳ ಮಾನಿಟರ್ ಅದರ ಎರಡು ಪಟ್ಟಿಗೂ ಹೆಚ್ಚು ಸಲ ಬರೆಯುತ್ತದೆ. ಅಸಾಧ್ಯ ಎಂದವನ ಪರದೆಯೂ ಅಂಥದೇ ಇರಬೇಕು. ಚಿತ್ರ ಬದಲಾದಾಗಲೆಲ್ಲ ಕೊಳವೆ ಒಂದು ಹೆಜ್ಜೆ ಮುಂದೆ ಹೋಗಲಿ ಎಂದು ಅವಳು ಬರೆದಿದ್ದಳು. ಪರದೆ ಯಾವುದಾದರೂ ವೇಗ ಒಂದೇ ಇರಲು ಗಡಿಯಾರ ನೋಡಿ ಹೆಜ್ಜೆ ಅಳೆಯಬೇಕೆಂಬುದು ಹೊಸಬರಿಗೆ ಮೊದಲು ಹೇಳಿಕೊಡುವ ಪಾಠ. ಅವಳೇ ಎಷ್ಟೋ ಜನರಿಗೆ ಹೇಳಿದ್ದಳು. ಆದರೆ ಅದಕ್ಕೆ ಬೇಕಾದ ನಾಲ್ಕು ಸಾಲು ಯಾವಾಗಲೂ ಲೋರ್ನ್ ಬರೆದ ಭಾಗದಲ್ಲಿರುತ್ತಿದ್ದವು. ಅವು ಅಲ್ಲಿವೆ ಎಂಬುದನ್ನೇ ಅವಳು ಮರೆತಿದ್ದಳು. ಅವನ ಗಡಿಯಾರ ಅವಳ ವೇಗವನ್ನು ಎಲ್ಲರ ಮನೆಗೂ ಸರಿಯಾಗಿ ತಲುಪಿಸುತ್ತಿತ್ತು, ಜನ ಬಿಟ್ಟು ಹೋಗುತ್ತಿದ್ದರು. ಗಡಿಯಾರವಿಲ್ಲದ ಈ ಸಲ ವೇಗ ಅವಳ ಕೋಣೆಯಲ್ಲೇ ಉಳಿಯಿತು.

ಆ ಸಂಜೆ ಲೋರ್ನ್‌ನಿಂದ ಸಂದೇಶ: “ಹಡಗು ಕಳಿಸಿದೆ. ಎರಡು ಸಲ. ಕೊನೆಗೂ ಉಸಿರಾಡೋಕೆ ಬಿಟ್ಟೆ ನೋಡು.”

ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಅವಳು ಬರೆದಳು: “ಬಿಟ್ಟಿದ್ದು ನಾನಲ್ಲ. ಗಡಿಯಾರ ಹಾಕೋದು ಮರೆತೆ. ನನ್ನ ಪರದೇಲಿ ಅದು ಹಳೇ ಐಲಾ ಥರಾನೇ ಓಡ್ತಿದೆ.”

ಫೋನೇ ಬಂತು. ಅವನು ನಕ್ಕು ನಕ್ಕು ಕೆಮ್ಮುತ್ತಿದ್ದ.

“ನೀನಾ? ಗಡಿಯಾರಾನಾ? ಈ ಮೆಸೇಜನ್ನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ತೀನಿ.”

“ಹಾಕ್ಕೋ. ಈಗ ಏನ್ ಮಾಡ್ಲಿ ಹೇಳು. ಗಡುವು ಮುಗಿದ್ಮೇಲೆ ಬಗ್ ಸರಿಮಾಡ್ಬಹುದು, ಆಟ ಬದಲಾಯಿಸೋ ಹಾಗಿಲ್ಲ ಅಂತ ನಿಯಮ.”

“ಯಾವುದು ಆಟ, ಯಾವುದು ಬಗ್ ಅನ್ನೋದನ್ನ ನೀನೇ ಹೇಳ್ಬೇಕಮ್ಮ. ಒಬ್ಳೇ ಮಾಡಿದ್ದು ತಾನೇ?”

ಫೋನ್ ಇಟ್ಟ ಮೇಲೆ ಅವಳು ಆ ನಾಲ್ಕು ಸಾಲನ್ನು ತಾನೇ ಬರೆದಳು. ಗಾತ್ರ ಮೀರದಿರಲು ನೀರಿನ ಗೆರೆಯನ್ನೂ ತೆಗೆಯಬೇಕಾಯಿತು. ವೇಗವನ್ನು ತನ್ನ ಪರದೆಗಲ್ಲ, ಟಿಮೊನ ಲ್ಯಾಪ್‌ಟಾಪಿಗೆ ಹೊಂದಿಸಿದಳು. ಗೇಮಿನ ಪುಟದಲ್ಲಿ ಹೀಗೆ ಬರೆದಳು: ‘ಒಂದು ತಪ್ಪು ಸರಿಪಡಿಸಿದೆ. ಕೆಲವು ಪರದೆಗಳಲ್ಲಿ, ಮುಖ್ಯವಾಗಿ ನನ್ನದರಲ್ಲಿ, ಆಟ ಅತಿ ವೇಗವಾಗಿತ್ತು. ನೀವು ಮೆಚ್ಚಿದ ನಿಧಾನ ನಾನು ಯೋಚಿಸಿ ಇಟ್ಟದ್ದಲ್ಲ. ಇನ್ನು ಮುಂದೆ ಯೋಚಿಸಿಯೇ ಇಟ್ಟದ್ದು.’

ಮುಂದಿನ ಶನಿವಾರ ಟಿಮೊ ಬಂದಾಗ ಅವಳ ಕುರ್ಚಿಯಲ್ಲೇ ಕೂತು ಹಡಗು ತುಂಬಿಸಿ ಕಳಿಸಿದ. ಆಮೇಲೆ ಅವಳು ಆಡಿದಳು. ಹಳೆಯ ವೇಗಕ್ಕೆ ಒಗ್ಗಿದ ಬೆರಳು ಪ್ರತಿ ಸಲವೂ ಕೊಳವೆ ಬರುವ ಮೊದಲೇ ಇಳಿಯುತ್ತಿತ್ತು. ಹಡಗು ವಾಲಿ ಮಗುಚಿತು.

“ಅಭ್ಯಾಸ ಆಗ್ಬೇಕು ಕಣಕ್ಕಾ” ಎಂದ ಟಿಮೊ, ಬ್ರೆಡ್ ಮುರಿಯುತ್ತ.

ಅವಳು ಮತ್ತೆ ಶುರುಮಾಡಿದಳು.